ಕೊಪ್ಪಳವೋ, ಭಾಗ್ಯನಗರವೋ? ಓದುಗರ ಸ್ಪಂದನ

ಕಳೆದ ಬಾರಿ ಪ್ರಕಟವಾದ ಸಮಸ್ಯೆ:

ನಾವು ಬಾಗಲಕೋಟೆಯ ನವನಗರದವರು. ನನ್ನ ಪತಿಗೆ ಕೊಪ್ಪಳದ ಸರ್ಕಾರಿ ಕಚೇರಿಯೊಂದಕ್ಕೆ ವರ್ಗವಾಗಿದೆ. ಬೇಸಿಗೆ ರಜೆ ಮುಗಿಯುವುದರೊಳಗೆ ಮನೆ ಬದಲಿಸಬೇಕಾಗಿದೆ. ಮಗಳು ಒಂಬತ್ತನೇ ತರಗತಿಗೆ, ಮಗ ಎರಡನೇ ತರಗತಿಗೆ ಹೋಗಬೇಕು. ಮಗಳು ಇದುವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ. ಮಗನಿಗೆ ಚಳಿಗಾಲದಲ್ಲಿ ಉಬ್ಬಸ ಕಾಣಿಸಿಕೊಳ್ಳುತ್ತದೆ. ನೋಡಿದ ಮನೆಗಳಲ್ಲಿ ಎರಡು ಮನಸ್ಸಿಗೆ ಬಂದಿವೆ. ಒಂದು ಕೊಪ್ಪಳ ಪಟ್ಟಣದೊಳಗೆ ಗದಗ ರಸ್ತೆಯ ಕಡೆಗಿದ್ದು, ಚಿಕ್ಕದು, ಬಾಡಿಗೆಯೂ ಹೆಚ್ಚು. ಇನ್ನೊಂದು ರೈಲ್ವೆ ಹಳಿಯ ಆಚೆ ಭಾಗ್ಯನಗರದಲ್ಲಿದ್ದು, ದೊಡ್ಡದು, ಮುಂದೆ ಅಂಗಳವಿದೆ, ಬಾಡಿಗೆ ಕಡಿಮೆ. ಶಾಲೆಯನ್ನು ಇನ್ನೂ ನಿರ್ಧರಿಸಿಲ್ಲ. ಎರಡೂ ಊರು ಒಂದಕ್ಕೊಂದು ಅಂಟಿಕೊಂಡೇ ಇವೆ, ಎಲ್ಲಿದ್ದರೇನು ಎಂದು ಪತಿ ಹೇಳುತ್ತಾರೆ. ನನಗೆ ಮಾತ್ರ ನಿರ್ಧಾರಕ್ಕೆ ಬರಲಾಗುತ್ತಿಲ್ಲ.

ಮೊದಲು ಶಾಲೆ, ಆಮೇಲೆ ಮನೆ

ಸೋದರಿ, ತಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಕೊನೆಯಲ್ಲಿ ಬಂದಿದೆ: ಶಾಲೆಯನ್ನು ಇನ್ನೂ ನಿರ್ಧರಿಸಿಲ್ಲ ಎಂದಿದ್ದೀರಿ. ಅದು ನಿರ್ಧಾರವಾಗುವವರೆಗೆ ಯಾವ ಮನೆಗೂ ಮುಂಗಡ ಕೊಡಬೇಡಿ. ನಾನು ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಮನೆ ಹಿಡಿದು ಸಾಮಾನು ಇಳಿಸಿದ ಮೇಲೆ ಶಾಲೆ ಹುಡುಕಲು ಬರುವ ತಂದೆತಾಯಿಗಳನ್ನು ಪ್ರತಿ ಜೂನ್‌ನಲ್ಲಿಯೂ ಕಂಡಿದ್ದೇನೆ. ಆ ಹೊತ್ತಿಗೆ ಅವರಿಗೆ ಉಳಿದಿರುವುದು ಎಲ್ಲಿ ಸೀಟು ಇದೆಯೋ ಅಲ್ಲಿ ಸೇರಿಸುವ ದಾರಿಯೊಂದೇ.

ಕೊಪ್ಪಳ ಮತ್ತು ಭಾಗ್ಯನಗರ ಅಂಟಿಕೊಂಡಿವೆ ಎಂಬುದು ನಿಜ. ಆದರೆ ನಡುವೆ ಹುಬ್ಬಳ್ಳಿ–ಗುಂತಕಲ್ ರೈಲು ಮಾರ್ಗವಿದ್ದು, ಅದರ ಮೇಲೆ ಪ್ರಯಾಣಿಕರ ಗಾಡಿಗಳಲ್ಲದೆ ಅದಿರು, ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿಗಳೂ ಹಗಲಿರುಳು ಓಡುತ್ತವೆ. ಕಚೇರಿಗೆ ಬೈಕಿನಲ್ಲಿ ಹೋಗುವ ತಮ್ಮ ಪತಿಗೆ ಹಳಿ ದಾಟುವುದು ಕೆಲವೇ ನಿಮಿಷದ ಮಾತು. ಬೆನ್ನ ಮೇಲೆ ಪುಸ್ತಕದ ಚೀಲ ಹೊತ್ತು ಸೈಕಲ್ ತುಳಿಯುವ ಹದಿನಾಲ್ಕರ ಹುಡುಗಿಗೆ, ಲಾರಿ ಬಸ್ಸುಗಳ ಪಕ್ಕದಲ್ಲಿಯೇ ಮೇಲ್ಸೇತುವೆಯ ಏರು ಹತ್ತಿ ಇಳಿಯುವುದು ಬೇರೆಯದೇ ಕೆಲಸ. ಎರಡನೇ ತರಗತಿಯ ಹುಡುಗನನ್ನಂತೂ ಒಬ್ಬನನ್ನೇ ಕಳುಹಿಸುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಮಗಳ ಶಾಲೆ ಹಳಿಯ ಯಾವ ಕಡೆಗಿದೆಯೋ ಮನೆಯೂ ಅದೇ ಕಡೆಗಿರಲಿ. ಬಾಡಿಗೆಯಲ್ಲಿ ಉಳಿಯುವ ಹಣ ಟಂಟಂ ಅಥವಾ ಶಾಲಾ ವಾಹನದ ತಿಂಗಳ ಖರ್ಚಿಗೆ ಹೋಗುವುದಾದರೆ ಅದು ಉಳಿತಾಯವೂ ಅಲ್ಲ.

ದೂರವಿದ್ದರೆ ಸ್ಕೂಟಿ ಕೊಡಿಸಿದರಾಯಿತು ಎಂಬ ಸಲಹೆ ತಮಗೆ ಖಂಡಿತ ಬರುತ್ತದೆ. ದಯವಿಟ್ಟು ಅದಕ್ಕೆ ಕಿವಿಗೊಡಬೇಡಿ. ಹದಿನಾರು ತುಂಬದ ಮಕ್ಕಳಿಗೆ ಯಾವ ಮೋಟಾರು ವಾಹನಕ್ಕೂ ಲೈಸೆನ್ಸ್ ಸಿಗುವುದಿಲ್ಲ. 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ. ದಂಡದ ಮಾತು ಹಾಗಿರಲಿ, ಅಪಘಾತವಾದರೆ ಗತಿಯೇನು?

ಶಾಲೆ ಆರಿಸುವಾಗ ಮಗಳ ಮಾಧ್ಯಮವನ್ನು ಬದಲಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಎಂಟು ವರ್ಷ ಕನ್ನಡದಲ್ಲಿ ವಿಜ್ಞಾನ, ಸಮಾಜ ಓದಿದ ಹುಡುಗಿಯನ್ನು ಎಸ್ಸೆಸ್ಸೆಲ್ಸಿಗೆ ಎರಡೇ ವರ್ಷ ಉಳಿದಿರುವಾಗ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ, ತಿಳಿದ ವಿಷಯವನ್ನೇ ಹೇಳಲಾಗದೆ ಅವಳು ತರಗತಿಯಲ್ಲಿ ಮೌನವಾಗುತ್ತಾಳೆ. ಹೊಸ ಊರಿಗೆ ಬಂದ ಅಂಜಿಕೆಯೇ ಸಾಕಷ್ಟಿರುತ್ತದೆ. ಹಾಗಾಗಿ ಒಳ್ಳೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಯನ್ನು ಮೊದಲು ಹುಡುಕಿ, ಗಣಿತ ಮತ್ತು ವಿಜ್ಞಾನಕ್ಕೆ ಕಾಯಂ ಶಿಕ್ಷಕರಿದ್ದಾರೆಯೇ ಎಂಬುದನ್ನು ಮುಖ್ಯೋಪಾಧ್ಯಾಯರನ್ನೇ ಕೇಳಿ, ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತದೆಯೇ ಎಂಬುದನ್ನು ಸ್ವತಃ ಒಳಗೆ ಹೋಗಿ ನೋಡಿ. ಈ ಕೊನೆಯದನ್ನು ಯಾರೂ ನೋಡುವುದಿಲ್ಲ, ಆದರೆ ಹುಡುಗಿಯರು ಶಾಲೆ ತಪ್ಪಿಸುವುದಕ್ಕೆ ಇದೂ ಒಂದು ಕಾರಣ.

ಮಗನ ಶಾಲೆ ಇಷ್ಟು ಕಠಿಣವಲ್ಲ. ಕಿರಿಯ ಪ್ರಾಥಮಿಕ ಶಾಲೆ ಮನೆಯಿಂದ ಒಂದು ಕಿಲೋಮೀಟರಿನೊಳಗೆ ಇರಬೇಕೆಂಬುದು ಶಿಕ್ಷಣ ಹಕ್ಕು ನಿಯಮಗಳ ಆಶಯ. ಎರಡೂ ಕಡೆ ಅಂಥ ಶಾಲೆಗಳು ಸಿಗುತ್ತವೆ.

– ನಿವೃತ್ತ ಶಿಕ್ಷಕಿ, ಕೊಪ್ಪಳ

ಭಾಗ್ಯನಗರವನ್ನು ಕಡೆಗಣಿಸಬೇಡಿ

ಭಾಗ್ಯನಗರವೆಂದರೆ ಕೊಪ್ಪಳದಲ್ಲಿ ಮನೆ ಸಿಗದವರು ಹೋಗುವ ಜಾಗವೆಂಬ ಮಾತನ್ನು ಕೇಳಿ ಕೇಳಿ ಬೇಸರವಾಗಿದೆ, ಆದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ನಮ್ಮದು ಮಗ್ಗದ ಮನೆತನ. ಇಲ್ಲಿಯ ನೇಕಾರಿಕೆಯೂ ಕೂದಲಿನ ಉದ್ಯಮವೂ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿವೆ. ಹೆಂಗಸರು ಹಗಲೆಲ್ಲ ಮನೆಯಲ್ಲಿಯೇ ಕೆಲಸ ಮಾಡುವ ಓಣಿಗಳು ಇಲ್ಲಿವೆ. ಶಾಲೆಯಿಂದ ಬಂದ ಮಗು ಬೀಗ ಹಾಕಿದ ಬಾಗಿಲ ಮುಂದೆ ಒಂಟಿಯಾಗಿ ಕೂರುವ ಪ್ರಮೇಯ ಇಂಥ ಓಣಿಯಲ್ಲಿ ಬರುವುದಿಲ್ಲ. ಒಂಬತ್ತನೇ ತರಗತಿಯ ಹುಡುಗಿ ಸಂಜೆ ಟ್ಯೂಶನ್ ಮುಗಿಸಿ ಬರುವಾಗ ಕಟ್ಟೆಯ ಮೇಲೆ ಕುಳಿತ ನಾಲ್ಕು ಮಂದಿ ಹೆಂಗಸರು ಅವಳನ್ನು ಹೆಸರು ಹಿಡಿದು ಕರೆಯುತ್ತಾರೆಂದರೆ ಅದು ಸಣ್ಣ ಭದ್ರತೆಯಲ್ಲ.

ಆದರೆ ಒಂದು ವಿಷಯವನ್ನು ತಾವು ತಿಳಿದಿರಬೇಕು. ಕೊಪ್ಪಳದಲ್ಲಿರುವುದು ನಗರಸಭೆ, ಭಾಗ್ಯನಗರಕ್ಕೆ ತನ್ನದೇ ಪಟ್ಟಣ ಪಂಚಾಯಿತಿಯಿದೆ. ನಳದ ನೀರು, ಕಸದ ಗಾಡಿ, ಬೀದಿ ದೀಪ, ಚರಂಡಿ ಎಲ್ಲದಕ್ಕೂ ಕೇಳಬೇಕಾದ ಕಚೇರಿಗಳು ಬೇರೆ ಬೇರೆ. ಹಳಿಯ ಆಚೆಯ ಸ್ನೇಹಿತರು ತಮ್ಮ ಓಣಿಯ ಅನುಭವವನ್ನು ಹೇಳಿದರೆ ಅದು ಈಚೆ ಕಡೆಗೆ ಅನ್ವಯಿಸುವುದಿಲ್ಲ. ತಾವು ನೋಡಿದ ಮನೆಯ ಎಡಬಲದವರನ್ನೇ ವಿಚಾರಿಸಿ. ಹೊಸ ಲೇಔಟ್ ಆಗಿದ್ದರೆ, ಮಳೆಗಾಲದಲ್ಲಿ ಆ ರಸ್ತೆಯಲ್ಲಿ ಮಕ್ಕಳು ಶೂ ಹಾಕಿಕೊಂಡು ನಡೆಯಲು ಸಾಧ್ಯವೇ ಎಂದೂ ಕೇಳಿ. ನಮ್ಮ ಕಡೆಯ ಕಪ್ಪು ಮಣ್ಣು ಮಳೆ ಬಿದ್ದಲ್ಲಿ ಕಾಲು ಹಿಡಿಯುತ್ತದೆ. ನವನಗರದ ಅಗಲವಾದ ಸೆಕ್ಟರ್ ರಸ್ತೆಗಳಲ್ಲಿ ಬೆಳೆದ ಮಕ್ಕಳಿಗೆ ಇದು ಹೊಸತು.

– ಗೃಹಿಣಿ, ಭಾಗ್ಯನಗರ

ನೀರು ಮತ್ತು ಗಾಳಿ

ಮಕ್ಕಳಿರುವ ಮನೆಯವರು ಬಾಡಿಗೆಗಿಂತ ಮೊದಲು ವಿಚಾರಿಸಬೇಕಾದದ್ದು ಕುಡಿಯುವ ನೀರಿನ ಮೂಲ ಎಂಬುದು, ಆರೋಗ್ಯ ಕ್ಷೇತ್ರದಲ್ಲಿ ದುಡಿಯುವ ನನ್ನ ದೃಢ ಅಭಿಪ್ರಾಯ. ತುಂಗಭದ್ರೆ ಇಷ್ಟು ಹತ್ತಿರವಿದ್ದರೂ ನಳದ ನೀರು ದಿನವೂ ಬರುವುದಿಲ್ಲ. ಬಾರದ ದಿನಗಳಲ್ಲಿ ಮನೆಯ ಮಾಲೀಕರು ಬೋರಿನ ನೀರನ್ನು ನೆಲದಡಿಯ ತೊಟ್ಟಿಗೆ ಬಿಡುತ್ತಾರೆ. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಅನೇಕ ಕಡೆ ಫ್ಲೋರೈಡ್ ಅಂಶ ಹೆಚ್ಚಿದೆ. ಭಾರತೀಯ ಮಾನಕದ ಪ್ರಕಾರ ಲೀಟರ್ ನೀರಿನಲ್ಲಿ 1 ಮಿಲಿಗ್ರಾಂವರೆಗಿದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದಾಗ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಬಹುಕಾಲದ ನಂತರ ಮೂಳೆ ಕೆಡುತ್ತದೆ. ಒಸಡಿನೊಳಗೆ ಹಲ್ಲಿನ ಹೊರಪದರ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಇದರ ಪರಿಣಾಮ ಹಲ್ಲಿನ ಮೇಲೆ ಶಾಶ್ವತವಾಗಿ ಉಳಿಯುತ್ತದೆ. ತಮ್ಮ ಮಗ ಎರಡನೇ ತರಗತಿಯವನು. ಅವನ ಕೆಲವು ಶಾಶ್ವತ ಹಲ್ಲುಗಳು ಇನ್ನೂ ಒಳಗೇ ಬೆಳೆಯುತ್ತಿವೆ.

ಕಾಯಿಸಿ ಆರಿಸಿದರೆ ಸಾಕು ಎಂದು ಬಹಳ ಜನ ನಂಬಿದ್ದಾರೆ. ಕಾಯಿಸಿದರೆ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಆರ್‌ಒ ಯಂತ್ರ ಅದನ್ನು ಬಹುಮಟ್ಟಿಗೆ ತೆಗೆಯುತ್ತದೆ. ಆದ್ದರಿಂದ ಎರಡೂ ಮನೆಗಳ ಬೋರಿನ ನೀರನ್ನು ಬಾಟಲಿಯಲ್ಲಿ ಹಿಡಿದು, ನೀರಿನ ಗುಣಮಟ್ಟ ಪರೀಕ್ಷಿಸುವ ಜಿಲ್ಲಾ ಪ್ರಯೋಗಾಲಯಕ್ಕೆ ಕೊಟ್ಟು ನೋಡಿ, ಹತ್ತಿರದಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆಯೇ ಎಂದು ವಿಚಾರಿಸಿ. ಮಕ್ಕಳು ದಿನದ ಅರ್ಧ ಭಾಗ ಶಾಲೆಯಲ್ಲಿ ಕಳೆಯುವುದರಿಂದ ಅಲ್ಲಿ ಕುಡಿಯುವ ನೀರು ಎಲ್ಲಿಯದೆಂದೂ ಕೇಳಬೇಕು.

ಇನ್ನು ಉಬ್ಬಸದ ಮಾತು. ಗಿಣಿಗೇರಾ ಸುತ್ತಲಿನ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು ಪಟ್ಟಣದ ಪೂರ್ವ ದಿಕ್ಕಿಗಿವೆ. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಹೊಗೆ ನಮ್ಮಿಂದ ದೂರ ಹೋಗುತ್ತದೆ. ಹಿಂಗಾರು ಮತ್ತು ಚಳಿಗಾಲದಲ್ಲಿ ಗಾಳಿ ಪೂರ್ವದ ಕಡೆಯಿಂದ ತಿರುಗಿದಾಗ, ಬೆಳಗಿನ ಹೊತ್ತು ಧೂಳು ಕೆಳಗೇ ನಿಲ್ಲುತ್ತದೆ. ತಮ್ಮ ಮಗನಿಗೆ ಉಬ್ಬಸ ಕಾಣಿಸಿಕೊಳ್ಳುವ ಕಾಲವೂ ಅದೇ. 2025ರ ಫೆಬ್ರುವರಿಯಲ್ಲಿ ಪಟ್ಟಣಕ್ಕೆ ಹೊಂದಿಕೊಂಡಂತೆ ಉಕ್ಕಿನ ಕಾರ್ಖಾನೆಯೊಂದರ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ನಡೆದಾಗ, ಗವಿಮಠದ ಸ್ವಾಮೀಜಿಯವರೊಂದಿಗೆ ಸಾವಿರಾರು ಜನ, ಮಕ್ಕಳೂ ಸಹ, ಬೀದಿಗೆ ಬಂದದ್ದು ಈ ಆತಂಕದಿಂದಲೇ. ತಾವು ಹೆದರಲಿ ಎಂದು ಇದನ್ನು ಬರೆಯುತ್ತಿಲ್ಲ; ಕೊಪ್ಪಳ ಪ್ರೀತಿಯಿಂದ ಬಾಳುವ ಜನರ ಊರು. ಆದರೆ ಎರಡು ಮನೆಗಳಲ್ಲಿ ಒಂದನ್ನು ಆರಿಸುವ ಅವಕಾಶ ಇರುವಾಗ, ಬೆಳಿಗ್ಗೆ ಎರಡೂ ಮನೆಗಳ ಮಾಳಿಗೆ ಹತ್ತಿ, ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಬೆರಳಾಡಿಸಿ ನೋಡಿ. ಬೆರಳಿಗೆ ಕಪ್ಪು ಹತ್ತುವ ಮನೆ ಎಷ್ಟೇ ದೊಡ್ಡದಾಗಿದ್ದರೂ ಉಬ್ಬಸದ ಮಗುವಿಗೆ ಬೇಡ. ಲಾರಿಗಳು ಓಡಾಡುವ ಮುಖ್ಯ ರಸ್ತೆಗೆ ಮುಖ ಮಾಡಿದ ಮನೆಯ ವಿಷಯದಲ್ಲಿಯೂ ಇದೇ ಮಾತು. ಈ ದೃಷ್ಟಿಯಿಂದ ಗದಗ ರಸ್ತೆಯ ಕಡೆ ಪಶ್ಚಿಮಕ್ಕಿರುವುದು ಅನುಕೂಲವಾದರೂ, ಮನೆ ರಸ್ತೆಗೆ ತೀರ ಸಮೀಪವಿದ್ದರೆ ಆ ಅನುಕೂಲ ಕೈಬಿಡುತ್ತದೆ.

– ಆರೋಗ್ಯ ಕಾರ್ಯಕರ್ತ, ಕೊಪ್ಪಳ

ಕಾಗದಪತ್ರಗಳು ಮತ್ತು ಮಗಳ ಮಾತು

ನಾನೂ ವರ್ಗಾವಣೆಯ ಮೇಲೆ ಗಂಗಾವತಿಯಿಂದ ಕೊಪ್ಪಳಕ್ಕೆ ಬಂದವನು. ನನ್ನ ಹಿರಿಯ ಮಗಳೂ ಆಗ ಒಂಬತ್ತನೇ ತರಗತಿಯಲ್ಲಿದ್ದಳು.

ಬಾಗಲಕೋಟೆಯ ಶಾಲೆಗಳಿಂದ ಇಬ್ಬರ ವರ್ಗಾವಣೆ ಪತ್ರವನ್ನೂ (ಟಿ.ಸಿ.) ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯ ಎಸ್‌ಎಟಿಎಸ್ ಸಂಖ್ಯೆಯನ್ನೂ ರಜೆ ಆರಂಭವಾಗುವ ಮೊದಲೇ ಕೇಳಿಡಿ. ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೆ ಆ ಕಾಯ್ದೆಯ ಆಸರೆ ಎಂಟನೇ ತರಗತಿಗೆ ಮುಗಿಯುತ್ತದೆ. ಮಗನಿಗೆ ಅದು ನೆರವಾಗಬಹುದು, ಮಗಳ ವಿಷಯದಲ್ಲಿ ಮಾತ್ರ ತಾವೇ ಮುಂಚಿತವಾಗಿ ಓಡಾಡಬೇಕು.

ಬಾಗಲಕೋಟೆ ಕಲ್ಯಾಣ ಕರ್ನಾಟಕಕ್ಕೆ ಸೇರಿಲ್ಲ, ಕೊಪ್ಪಳ ಸೇರಿದೆ. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ, ಉದ್ಯೋಗದಲ್ಲಿರುವ ಮೀಸಲಾತಿಗೆ ಈ ಭಾಗದಲ್ಲಿ ಹುಟ್ಟಿರುವುದು ಅಥವಾ ಹತ್ತು ವರ್ಷದ ವಾಸ ಮುಖ್ಯವಾಗುತ್ತದೆ. ಅರ್ಹತಾ ಪ್ರಮಾಣಪತ್ರವನ್ನು ಕೊಡುವವರು ಸಹಾಯಕ ಆಯುಕ್ತರು. ಈ ವಿಷಯದಲ್ಲಿ ಕೊಪ್ಪಳಕ್ಕೂ ಭಾಗ್ಯನಗರಕ್ಕೂ ವ್ಯತ್ಯಾಸವೇನೂ ಇಲ್ಲ, ಎರಡೂ ಒಂದೇ ತಾಲ್ಲೂಕಿನವು. ಆದರೂ ಬಾಡಿಗೆ ಕರಾರು ಮತ್ತು ವ್ಯಾಸಂಗ ಪ್ರಮಾಣಪತ್ರಗಳನ್ನು ಮೊದಲ ವರ್ಷದಿಂದಲೇ ಜೋಪಾನವಾಗಿಟ್ಟರೆ ಮುಂದೆ ಮಗನಿಗೆ ಉಪಯೋಗಕ್ಕೆ ಬರಬಹುದು. ಕುಕನೂರಿನ ನವೋದಯ ವಿದ್ಯಾಲಯದ ಆಸೆಯೇನಾದರೂ ಇದ್ದರೆ, ಅವನು ಐದನೇ ತರಗತಿಯನ್ನು ಇದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಎರಡೂ ಪಟ್ಟಣ ಪ್ರದೇಶಗಳಾದ್ದರಿಂದ, ಇಲ್ಲಿಯ ಶಾಲೆಗಳಲ್ಲಿ ಓದಿದರೆ ಗ್ರಾಮೀಣ ಮಕ್ಕಳಿಗೆ ಮೀಸಲಾದ ಸೀಟುಗಳು ಅವನಿಗೆ ಸಿಗುವುದಿಲ್ಲ ಎಂಬುದೂ ಗಮನದಲ್ಲಿರಲಿ.

ತಮ್ಮ ಪತ್ರದಲ್ಲಿ ಪತಿಯ ಅಭಿಪ್ರಾಯವಿದೆ, ತಮ್ಮ ಗೊಂದಲವಿದೆ, ಮಗಳ ಮಾತು ಒಂದೂ ಇಲ್ಲ. ಗೆಳತಿಯರನ್ನೆಲ್ಲ ಬಿಟ್ಟು ಬರುತ್ತಿರುವವಳು ಅವಳು. ಮನೆ ಪಕ್ಕಾ ಮಾಡುವ ಮೊದಲು ಅವಳನ್ನು ಒಮ್ಮೆ ಕೊಪ್ಪಳಕ್ಕೆ ಕರೆತನ್ನಿ. ಬೇಸಿಗೆ ರಜೆಯಲ್ಲಿ ಶಾಲೆಗಳೆಲ್ಲ ಮುಚ್ಚಿರುವುದರಿಂದ ಪರೀಕ್ಷೆಗಳು ಮುಗಿಯುವ ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲ ವಾರ ಒಳ್ಳೆಯದು. ಶಾಲೆ ಬಿಡುವ ಹೊತ್ತಿಗೆ ಆ ಶಾಲೆಯ ಗೇಟಿನಿಂದ ಎರಡೂ ಮನೆಗಳವರೆಗೆ ಅವಳ ಜೊತೆಯಲ್ಲಿ ನಡೆಯಿರಿ. ನನ್ನ ಮಗಳು ಹಾಗೆ ನಡೆದ ಮೇಲೆ, ನನಗೆ ಇಷ್ಟವಾಗಿದ್ದ ಮನೆಯ ದಾರಿಯಲ್ಲಿ ಸಂಜೆ ದೀಪಗಳಿಲ್ಲದ ಉದ್ದನೆಯ ಕಾಂಪೌಂಡ್ ಗೋಡೆಯೊಂದನ್ನು ತೋರಿಸಿ, ಇಲ್ಲಿ ಒಬ್ಬಳೇ ಬರಲಾರೆ ಎಂದಳು. ನಾವು ಇನ್ನೊಂದು ಮನೆಯನ್ನೇ ಹಿಡಿದೆವು. ಅದು ಚಿಕ್ಕದು, ಆದರೆ ಅವಳು ಶಾಲೆಗೆ ಒಂದು ದಿನವೂ ಯಾರನ್ನೂ ಕಾಯಬೇಕಾಗಲಿಲ್ಲ.

– ಸರ್ಕಾರಿ ನೌಕರ, ಕೊಪ್ಪಳ