ಬಾಗಿದ ಕಾಲು, ಚಪ್ಪಟೆ ಅಂಗಾಲು: ಎಷ್ಟು ವಯಸ್ಸಿನವರೆಗೆ ಸಹಜ?

ಅಂಗನವಾಡಿ ಕಾರ್ಯಕರ್ತೆ, ಮದ್ದೂರು ತಾಲ್ಲೂಕು

ತಾಯಂದಿರ ಸಭೆಯಲ್ಲಿ ಪ್ರತಿ ಸಲ ಇವೇ ಪ್ರಶ್ನೆ. ಒಂದೂವರೆ ವರ್ಷದ ಮಗುವಿನ ಕಾಲು ಬಿಲ್ಲಿನಂತೆ ಬಾಗಿದೆ, ಎಣ್ಣೆ ಹಚ್ಚಿ ಎಳೆದರೆ ನೆಟ್ಟಗಾಗುತ್ತಾ? ಮೂರು ವರ್ಷದ್ದಕ್ಕೆ ಮಂಡಿಗೆ ಮಂಡಿ ತಾಗುತ್ತೆ. ಅಂಗಾಲಲ್ಲಿ ಹಳ್ಳವೇ ಇಲ್ಲ, ಬೂಟು ಹಾಕಿಸಬೇಕಾ? ವಾಕರ್ ತಂದರೆ ಬೇಗ ನಡೆಯುತ್ತಾ? ವಯಸ್ಸಿನ ಲೆಕ್ಕದಲ್ಲಿ ಬಿಡಿಸಿ ಹೇಳಿ.

ಮಕ್ಕಳ ಫಿಸಿಯೋಥೆರಪಿಸ್ಟ್, ಮೈಸೂರು

ಮೇಡಂ, ಮೊದಲು ಎಳೆಯೋದನ್ನ ನಿಲ್ಲಿಸಲು ಹೇಳಿ. ಹೊಟ್ಟೆಯೊಳಗೆ ಮಡಿಚಿಕೊಂಡಿದ್ದ ಕಾಲು ಹುಟ್ಟುವಾಗ ಹೊರಕ್ಕೆ ಬಾಗಿಯೇ ಇರುತ್ತೆ, ನಿಂತು ನಡೆಯೋಕೆ ಶುರು ಮಾಡಿದ ಮೇಲೆ ಇನ್ನೂ ಎದ್ದು ಕಾಣುತ್ತೆ. ಒಂದೂವರೆ ಎರಡು ವರ್ಷಕ್ಕೆ ನೆಟ್ಟಗಾಗಿ, ಅಲ್ಲಿಗೂ ನಿಲ್ಲದೆ ಒಳಕ್ಕೆ ವಾಲುತ್ತೆ. ಮೂರು-ನಾಲ್ಕರಲ್ಲಿ ಮಂಡಿ ತಾಗೋದು ಅತಿ ಹೆಚ್ಚು. ಆರೇಳಕ್ಕೆ ಸರಿಹೋಗುತ್ತೆ. ಮೆತ್ತಗೆ ಎಣ್ಣೆ ನೀವಿದರೆ ತೊಂದರೆಯಿಲ್ಲ, ಅದರಿಂದ ಮೂಳೆ ನೆಟ್ಟಗಾಗೋದೂ ಇಲ್ಲ. ಆದರೆ ಹಸುಗೂಸಿನ ಎರಡೂ ಕಾಲು ನೀಡಿ ಜೋಡಿಸಿ ಬಿಗಿಯಾಗಿ ಬಟ್ಟೆ ಸುತ್ತೋದು ಸೊಂಟದ ಕೀಲಿಗೆ ಅಪಾಯ, ತೊಡೆಮೂಳೆಯ ಗುಂಡು ಗೂಡಿನಿಂದ ಜಾರಬಹುದು.

ಅಳೆಯೋದು ಸುಲಭ. ಬಾಗಿದ ಕಾಲಿಗೆ ಕಣಕಾಲು ಜೋಡಿಸಿ ಮಂಡಿಗಳ ನಡುವಿನ ಅಂತರ ನೋಡಿ, ಮಂಡಿ ತಾಗುವವರಿಗೆ ಮಂಡಿ ಜೋಡಿಸಿ ಕಣಕಾಲುಗಳ ಅಂತರ. ಮೊದಲನೆಯದು 6 ಸೆಂ.ಮೀ., ಎರಡನೆಯದು 8 ಸೆಂ.ಮೀ. ದಾಟಿದರೆ, ಇಲ್ಲವೇ ಒಂದೇ ಕಾಲು ಬಾಗಿದ್ದರೆ ತೋರಿಸಬೇಕು. ಎರಡು ವರ್ಷ ಕಳೆದೂ ಬಾಗು ಹೆಚ್ಚುತ್ತಿದ್ದು ಮಣಿಕಟ್ಟೂ ದಪ್ಪಗಿದ್ದರೆ ರಿಕೆಟ್ಸ್, ಅಂದರೆ ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗುವ ಕಾಯಿಲೆ, ಇರಬಹುದು. ಮೊದಲ ವರ್ಷ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿ ಕೊಡಲು ಹೇಳೋದು ಇದಕ್ಕೇ.

ಮೂಳೆ ವೈದ್ಯ, ಮಂಡ್ಯ

ಅಂಗಾಲಿನ ಮಾತು. ಹುಟ್ಟಿದ ಮಗುವಿನ ಪಾದದಲ್ಲಿ ಮೂಳೆಗಿಂತ ಮೃದ್ವಸ್ಥಿಯೇ ಹೆಚ್ಚು. ಹಳ್ಳಕ್ಕೆ ಆಧಾರವಾಗುವ ನಾವಿಕ್ಯುಲರ್ ಮೂಳೆ ಗಟ್ಟಿಯಾಗಲು ಶುರುವಾಗುವುದೇ ಸುಮಾರು ಮೂರನೇ ವರ್ಷಕ್ಕೆ. ಮೇಲಾಗಿ ಹಳ್ಳದ ಜಾಗದಲ್ಲಿ ಕೊಬ್ಬಿನ ಮೆತ್ತೆ ತುಂಬಿರುತ್ತೆ. ಹೀಗಾಗಿ ಎಳೆಮಕ್ಕಳ ಪಾದವೆಲ್ಲ ಚಪ್ಪಟೆಯೇ. ಹಳ್ಳ ಮೂಡೋದು ಆರರಿಂದ ಹತ್ತು ವರ್ಷದೊಳಗೆ. ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿ ನೋಡಿ: ಆಗ ಹಳ್ಳ ಕಂಡರೆ ಬಾಗುವ ಚಪ್ಪಟೆ ಪಾದ, ಚಿಕಿತ್ಸೆ ಬೇಡ. ಕಾಣದಿದ್ದರೆ, ಪಾದ ಬಿಗಿಯಾಗಿದ್ದರೆ, ನೋವಿದ್ದರೆ ತೋರಿಸಿ. ಬೂಟಿನೊಳಗಿಡುವ ಮೆತ್ತೆ ಹಳ್ಳ ಹುಟ್ಟಿಸೋದಿಲ್ಲ, ನೋವಿದ್ದವರಿಗೆ ಆರಾಮ ಕೊಡಬಹುದು ಅಷ್ಟೆ.

ಬೂಟಿನ ಬಗ್ಗೆ ನಮ್ಮ ರಾಜ್ಯದ್ದೇ ಅಧ್ಯಯನವಿದೆ. ಮಣಿಪಾಲದ ವೈದ್ಯರು 2,300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವವರಲ್ಲಿ ಚಪ್ಪಟೆ ಪಾದ ಶೇ 8.6, ಬರಿಗಾಲವರಲ್ಲಿ ಶೇ 2.8. ಮುಂಭಾಗ ಮುಚ್ಚಿದ ಬೂಟು ಹಾಕುವವರಲ್ಲಿ ಇನ್ನೂ ಹೆಚ್ಚು. ಮನೆಯೊಳಗೆ, ಒಣ ಜಗಲಿಯಲ್ಲಿ ಬರಿಗಾಲೇ ಒಳ್ಳೆಯದು. ಗದ್ದೆ ಬದಿ, ಬಯಲು ಶೌಚದ ಜಾಗದಲ್ಲಿ ಮಾತ್ರ ಚಪ್ಪಲಿ ಬೇಕೇ ಬೇಕು. ಅಲ್ಲಿನ ಮಣ್ಣಿನಿಂದ ಕೊಕ್ಕೆಹುಳು ಅಂಗಾಲಿನ ಮೂಲಕವೇ ಒಳಸೇರುತ್ತೆ.

ಪಾದರಕ್ಷೆ ಅಂಗಡಿ, ಮೈಸೂರು

ಸಂಜೆ, ಮಗುವನ್ನು ನಿಲ್ಲಿಸಿ ಎರಡೂ ಪಾದ ಅಳೆಯಿರಿ, ದೊಡ್ಡದರ ಲೆಕ್ಕ ಹಿಡಿಯಿರಿ. ಅತಿ ಉದ್ದದ ಬೆರಳಿನ ಮುಂದೆ ಒಂದು ಸೆಂ.ಮೀ. ಬಿಡಿ. ಬೂಟು ಬೆರಳ ಬುಡದಲ್ಲಿ ಬಾಗಬೇಕು, ನಡುವಿನಲ್ಲಿ ಮಡಿಚಿಕೊಳ್ಳಬಾರದು. ಎರಡು ವರ್ಷದೊಳಗೆ ಎರಡು-ಮೂರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. "ಬೆಳೆಯುತ್ತೆ" ಅಂತ ಎರಡು ಸೈಜು ದೊಡ್ಡದು ಕೊಂಡರೆ ಮಗು ಎಡವುತ್ತೆ.

ಅಂಗನವಾಡಿ ಕಾರ್ಯಕರ್ತೆ, ಮದ್ದೂರು ತಾಲ್ಲೂಕು

ತುಂಬಾ ಉಪಕಾರ ಸರ್. ವಾಕರ್ ವಿಷಯ ಉಳೀತು. ತುದಿಗಾಲಲ್ಲಿ ನಡೆಯೋದು, ಪಾದ ಒಳಕ್ಕೆ ತಿರುಗೋದೂ ಕೇಳ್ತಾರೆ.

ಮಕ್ಕಳ ಫಿಸಿಯೋಥೆರಪಿಸ್ಟ್, ಮೈಸೂರು

ವಾಕರ್ ಬೇಡವೇ ಬೇಡ. ಕೂತು ತುದಿಬೆರಳಲ್ಲಿ ತಳ್ಳುವ ಅಭ್ಯಾಸವಾಗುತ್ತೆ, ಸಮತೋಲ ಕಲಿಯಲ್ಲ, ಮೆಟ್ಟಿಲಿಂದ ಉರುಳುತ್ತೆ. ಕೆನಡಾ 2004ರಲ್ಲೇ ನಿಷೇಧಿಸಿದೆ. ಮಗು ತಾನೇ ಎದ್ದು ನಿಲ್ಲೋಕೆ ಶುರು ಮಾಡಿದ ಮೇಲೆ ನಮ್ಮ ಮೂರು ಚಕ್ರದ ಮರದ ಗಾಡಿ ಕೊಡಬಹುದು, ಯಾಕೆಂದರೆ ಅದರ ಹಿಂದೆ ತನ್ನ ಭಾರ ತಾನೇ ಹೊತ್ತು ನಿಲ್ಲಬೇಕು. ಚಕ್ರ ತೀರಾ ಸಲೀಸಾಗಿ ಓಡಿದರೆ ಮಾತ್ರ ಗಾಡಿಗೆ ಸ್ವಲ್ಪ ಭಾರ ಹೇರಿ.

ಮೊದಮೊದಲು ಕಾಲು ಅಗಲಿಸಿ, ಕೈ ಎತ್ತಿ, ಇಡೀ ಅಂಗಾಲು ಊರುತ್ತಾ ನಡೆಯೋದು ಸರಿಯೇ. ಎರಡು ವರ್ಷದ ಹೊತ್ತಿಗೆ ಹಿಮ್ಮಡಿ ಮೊದಲು ಊರುತ್ತೆ. ಪಾದ ಒಳತಿರುಗೋದು ಬಹುಪಾಲು ಎಂಟರೊಳಗೆ ತಾನಾಗೇ ಸರಿಹೋಗುತ್ತೆ. ತುದಿಗಾಲ ನಡಿಗೆಯನ್ನ ಮೂರರವರೆಗೆ ನೋಡಬಹುದು. ಆದರೆ ಹಿಮ್ಮಡಿ ನೆಲಕ್ಕೆ ತಾಗಲೇ ಇಲ್ಲ ಅಂದ್ರೆ ಕಾಯಬೇಡಿ. ಚೆನ್ನಾಗಿ ನಡೆಯುತ್ತಿದ್ದ ಗಂಡು ಮಗು ಆಮೇಲೆ ತುದಿಗಾಲಿಗೆ ಬಂದು, ಮೀನಖಂಡ ದಪ್ಪಗಾಗಿ, ನೆಲದಿಂದ ಏಳುವಾಗ ತೊಡೆಗೆ ಕೈಯೂರಿದರೆ ತಕ್ಷಣ ತೋರಿಸಿ, ಅದು ಸ್ನಾಯುಕ್ಷಯದ ಲಕ್ಷಣ.

18 ತಿಂಗಳಾದರೂ ಒಂಟಿಯಾಗಿ ನಡೆಯದ ಮಗು, ಕುಂಟುವ ಮಗು ಕಂಡರೆ ಹೆಸರು ಬರೆದಿಟ್ಟು, ಮಕ್ಕಳ ಆರೋಗ್ಯ ತಪಾಸಣೆಗೆ ನಿಮ್ಮಲ್ಲಿಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡಕ್ಕೆ ಕೊಡಿ. ತಂಡ ಬರೋದು ತಡವಾದರೆ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ಗೆ ಕಳಿಸಿ. ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಚಿದ್ದರೆ ಮೊದಲ ವಾರಗಳಲ್ಲೇ ಹೋಗಬೇಕು. ವಾರಕ್ಕೊಂದರಂತೆ ಐದಾರು ಪ್ಲಾಸ್ಟರ್ ಪಟ್ಟಿ ಹಾಕಿ ತಿದ್ದುತ್ತಾರೆ, ಆಮೇಲೆ ನಾಲ್ಕೈದು ವರ್ಷದವರೆಗೆ ರಾತ್ರಿ ಹೊತ್ತು ಪಾದ ಮತ್ತೆ ತಿರುಚದಂತೆ ಹಿಡಿದಿಡುವ ಬ್ರೇಸ್ ಹಾಕಿಸಬೇಕು. ಕಾಲು ನೆಟ್ಟಗಾಯ್ತು ಅಂತ ತಾಯಂದಿರು ಬ್ರೇಸ್ ಬಿಡೋದರಿಂದಲೇ ಅದು ಹೆಚ್ಚಾಗಿ ಮರುಕಳಿಸೋದು.