ನೆಲ ಮುಟ್ಟುವ ಹೊತ್ತಿಗೆ ವಿಮಾನ ಮತ್ತೆ ಮೇಲೇರಿದ್ದೇಕೆ?

ಶಿರಸಿಯ ತೋಟಿಗ:
ಮಗಳ ಮನೆಯಿಂದ ಹಿಂತಿರುಗುತ್ತ ಆಷಾಢದ ಮಳೆಯಲ್ಲಿ ಹುಬ್ಬಳ್ಳಿಗೆ ವಿಮಾನದಲ್ಲಿ ಬಂದೆವು. ಚಕ್ರ ಕೆಳಗಿಳಿದ ಸದ್ದು ಕೇಳಿತು, ಹೊಲದ ಬದುಗಳೂ ಕಂಡವು. ಇನ್ನೇನು ಇಳಿಯಿತು ಎನ್ನುವಾಗ ಎಂಜಿನ್ ಅಬ್ಬರಿಸಿ ಮೂತಿ ಮೇಲಾಯಿತು. ನನ್ನವಳು ಕಣ್ಣು ಮುಚ್ಚಿ ಮಾರಿಕಾಂಬೆಗೆ ಉಡಿಯ ಹರಕೆ ಹೊತ್ತಳು. ನಾನು ಪೈಲಟ್‌ನನ್ನು ಮನಸ್ಸಿನಲ್ಲೇ ಬೈದೆ. ಒಂದು ಸುತ್ತು ಹಾಕಿ ಸುಖವಾಗಿ ಇಳಿಯಿತು, ಕಾರಣ ಮಾತ್ರ ಯಾರೂ ಹೇಳಲಿಲ್ಲ. ಅವನಿಗೆ ಕೈ ಪಳಗಿಲ್ಲವೇ?

ಕಾರವಾರದ ನಿವೃತ್ತ ತಂತ್ರಜ್ಞ:
ಪಳಗಿದ್ದಕ್ಕೇ ಮೇಲೇರಿಸಿದ್ದು, ಮಾರಾಯರೇ! ಇದಕ್ಕೆ ಗೋ-ಅರೌಂಡ್ ಎನ್ನುತ್ತಾರೆ. ನಿಗದಿತ ಎತ್ತರಕ್ಕೆ ಇಳಿದರೂ ರನ್‌ವೇಯಾಗಲಿ ಅದರ ದೀಪಗಳಾಗಲಿ ಕಾಣದಿದ್ದರೆ ಮೇಲೇರಲೇಬೇಕು. ಗಾಳಿ ಏಕಾಏಕಿ ದಿಕ್ಕು ಬದಲಿಸಿದರೆ, ವೇಗ ಹೆಚ್ಚಿದ್ದರೆ, ಮುಂದೆ ಇಳಿದ ವಿಮಾನ ಇನ್ನೂ ರನ್‌ವೇ ಬಿಡದಿದ್ದರೆ, ನಾಯಿ ಅಡ್ಡ ಬಂದರೂ ಅಷ್ಟೇ. ಮತ್ತೊಮ್ಮೆ ಪ್ರಯತ್ನಿಸಲು, ಆಗದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗಲು ಬೇಕಾದಷ್ಟು ಇಂಧನ ಮೊದಲೇ ತುಂಬಿರುತ್ತಾರೆ.

ಹೊನ್ನಾವರದಿಂದ:
2010ರ ಮೇ 22, ಮಂಗಳೂರು. ಅಂದು ಅಪಘಾತಕ್ಕೀಡಾದ ವಿಮಾನ ರನ್‌ವೇಯ ಮೇಲೆ ಬಹುದೂರ ಸಾಗಿದ ಮೇಲೆ ನೆಲ ಮುಟ್ಟಿತ್ತು. ಮೇಲೇರೋಣ ಎಂದು ಸಹ ಪೈಲಟ್ ಹೇಳಿದ್ದು ತನಿಖಾ ವರದಿಯಲ್ಲಿದೆ. ಗುಡ್ಡದ ನೆತ್ತಿಯ ರನ್‌ವೇ ಅದು, ಆಚೆ ಕಣಿವೆ. 158 ಜನ ಸತ್ತರು.

ಶಿರಸಿಯ ತೋಟಿಗ:
ಬೈದದ್ದನ್ನು ಹಿಂತೆಗೆದುಕೊಂಡೆ. ಉಡಿಯನ್ನಂತೂ ಶುಕ್ರವಾರವೇ ತುಂಬಿಸುತ್ತೇವೆ.