ಅಪ್‌ಡೇಟ್: ರಾಸ್ ಬಾರ್ನ್ಸ್ ಸರಾಸರಿ 0.429 ಮತ್ತು 0.404, ಲೆಕ್ಕ ಸಿಕ್ಕಿತು

ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಕೇಳಿದ್ದು ಇಷ್ಟು: ಶಿಕಾಗೊ ವೈಟ್ ಸ್ಟಾಕಿಂಗ್ಸ್ ಬೇಸ್‌ಬಾಲ್ ತಂಡದ ಸೆಕೆಂಡ್ ಬೇಸ್‌ಮನ್ (ಎರಡನೇ ಬೇಸ್ ಕಾಯುವ ಆಟಗಾರ) ಬಾರ್ನ್ಸ್ ಅವರ 1876ರ ಬ್ಯಾಟಿಂಗ್ ಸರಾಸರಿ ಎರಡು ಥರ ಸಿಗುವುದೇಕೆ, ಮರುವರ್ಷವೇ ಆಟ ಕುಸಿದದ್ದೇಕೆ?

‘ವಾಕ್‌ಗಳನ್ನೂ ಅಟ್‌ಬ್ಯಾಟ್‌ಗೆ ಸೇರಿಸಿ ನೋಡಿ’ ಎಂದವರ ಸಲಹೆ ಕೆಲಸ ಮಾಡಿತು. (ಅಟ್‌ಬ್ಯಾಟ್ ಅಂದರೆ ಸರಾಸರಿಗೆ ಲೆಕ್ಕ ಹಿಡಿಯುವ ಬ್ಯಾಟಿಂಗ್ ಸರದಿ; ವಾಕ್ ಅಂದರೆ ಎಸೆಗಾರನ ಕೆಟ್ಟ ಎಸೆತಗಳಿಂದಾಗಿ ಹೊಡೆಯದೆಯೇ ಸಿಗುವ ಫಸ್ಟ್ ಬೇಸ್.) 322 ಅಟ್‌ಬ್ಯಾಟ್‌ಗೆ 138 ಹಿಟ್ (ಬ್ಯಾಟರ್‌ನನ್ನು ಬೇಸ್ ತಲುಪಿಸಿದ ಹೊಡೆತ) ಅಂದರೆ 0.429. 20 ವಾಕ್ ಸೇರಿಸಿ 342ರಿಂದ ಭಾಗಿಸಿದರೆ 0.404. ಆ ಸೀಸನ್‌ನಲ್ಲಿ ವಾಕ್ ಕೂಡ ಅಟ್‌ಬ್ಯಾಟ್ ಎಂದೇ ಲೆಕ್ಕ. ನ್ಯಾಷನಲ್ ಅಸೋಸಿಯೇಷನ್ (1876ರಲ್ಲಿ ಶುರುವಾದ ನ್ಯಾಷನಲ್ ಲೀಗ್‌ಗಿಂತ ಮೊದಲಿನ ಲೀಗ್) ವರ್ಷಗಳನ್ನು ಕೈಬಿಟ್ಟಿದ್ದೇ ಕಾರಣ ಎಂಬ ಉತ್ತರ ಇಲ್ಲಿ ಹೊಂದಲ್ಲ. ಅದರಿಂದ ಬದಲಾಗುವುದು ಒಟ್ಟು ವೃತ್ತಿಜೀವನದ ಅಂಕಿ ಮಾತ್ರ.

ಇನ್ನು ಕುಸಿತ. ಚೆಂಡು ಮೊದಲು ಫೇರ್ (ಗೆರೆಗಳ ಒಳಗಿನ) ಜಾಗದಲ್ಲಿ ಪುಟಿದು ಆಮೇಲೆ ಗೆರೆಯಾಚೆ ಪಕ್ಕಕ್ಕೆ ಹೊರಳಿದರೂ ಆಗ ಅದು ಫೇರ್. ಬಾರ್ನ್ಸ್ ಈ ಹೊಡೆತದಲ್ಲಿ ಪಳಗಿದ ಕೈ. 1877ರಲ್ಲಿ ನಿಯಮ ಬದಲಾಗಿ, ಫಸ್ಟ್ ಅಥವಾ ಥರ್ಡ್ ಬೇಸ್ ದಾಟುವ ಮೊದಲೇ ಹೊರಗೆ ಹೋದದ್ದು ಫೌಲ್, ಅಂದರೆ ಹಿಟ್ ಅಲ್ಲದ್ದು, ಆಯಿತು. ಆದರೆ ಅದೊಂದೇ ಕಾರಣ ಅನ್ನೋದು ಅನ್ಯಾಯ. ಚಳಿಜ್ವರ ಹಿಡಿದು ಆ ವರ್ಷ ಆಡಿದ್ದೇ 22 ಪಂದ್ಯ, ಸರಾಸರಿ 0.272. ಆಮೇಲೆ 1879ರಲ್ಲಿ ಸಿನ್ಸಿನಾಟಿ, 1881ರಲ್ಲಿ ಬಾಸ್ಟನ್, ಅಷ್ಟೇ.

ಗೊತ್ತೇ ಇರದಿದ್ದ ಸಂಗತಿ: ನ್ಯಾಷನಲ್ ಲೀಗ್‌ನ ಮೊಟ್ಟಮೊದಲ ಹೋಂ ರನ್ ಇವರದೇ, 1876ರ ಮೇ 2ರಂದು. ಆದರೂ ಹಾಲ್ ಆಫ್ ಫೇಮ್‌ಗೆ (ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ) 10 ಸೀಸನ್ ಬೇಕು. ಅಸೋಸಿಯೇಷನ್‌ನ 5 ಸೇರಿಸಿದರೂ ಇವರದು 9.